ಮನೋವಿಶ್ಲೇಷಣೆಯೋ, ಸಿಬಿಟಿಯೋ: ಮಾತಿನ ಚಿಕಿತ್ಸೆಯನ್ನು ಆರಿಸಿಕೊಳ್ಳುವ ಬಗೆ

ಥೆರಪಿಸ್ಟ್ ಒಬ್ಬರನ್ನು ಹುಡುಕಲು ಹೊರಟವರಿಗೆ ಮೊದಲು ಎದುರಾಗುವುದು ಹೆಸರುಗಳ ಸಂತೆ. ಮನೋವಿಶ್ಲೇಷಣೆ, ಸೈಕೋಡೈನಾಮಿಕ್ ಥೆರಪಿ, ಸಿಬಿಟಿ, ಡಿಬಿಟಿ, ಆಪ್ತಸಮಾಲೋಚನೆ. ನಿದ್ದೆಗೆಟ್ಟ ಕಣ್ಣುಗಳಲ್ಲಿ ಈ ಪಟ್ಟಿಯನ್ನು ಓದುವವರು ಮನೆಗೆ ಹತ್ತಿರವಿರುವ ಯಾರನ್ನೋ ಆರಿಸಿಕೊಳ್ಳುತ್ತಾರೆ, ಇಲ್ಲವೇ ಮೊಬೈಲ್ ಕೆಳಗಿಟ್ಟು ಸುಮ್ಮನಾಗುತ್ತಾರೆ. ನಾನು ಸುಮ್ಮನಾದವಳು. ಅದಕ್ಕೆ ತೆತ್ತ ಬೆಲೆ ಒಂದು ಇಡೀ ವರ್ಷ. ಅಂಥ ವರ್ಷ ಇನ್ನೊಬ್ಬರಿಗೆ ವ್ಯರ್ಥವಾಗದಿರಲಿ ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮುಂದೆ ನಾನು ಎರಡು ಬಗೆಯ ಚಿಕಿತ್ಸೆಗಳನ್ನು ಪಡೆದೆ. ಮೊದಲನೆಯದು ಬಸ್ಸಿನಲ್ಲಿ ಬರುತ್ತಿದ್ದ ಗಾಬರಿಗೆ. ಬಾಗಿಲು ಮುಚ್ಚಿದೊಡನೆ ಎದೆ ಹೊಡೆದುಕೊಳ್ಳುತ್ತಿತ್ತು, ಕೈಗಳು ಜೋಮು ಹಿಡಿಯುತ್ತಿದ್ದವು, ಇಲ್ಲಿಯೇ ಸತ್ತುಹೋಗುತ್ತೇನೆ ಅನಿಸುತ್ತಿತ್ತು. 14 ವಾರಗಳ ಸಿಬಿಟಿಯಲ್ಲಿ, ಅಂದರೆ ಯೋಚನೆ ನಡವಳಿಕೆಗಳನ್ನು ತಿದ್ದುವ ಕಾಗ್ನಿಟಿವ್ ಬಿಹೇವಿಯರ್ ಥೆರಪಿಯಲ್ಲಿ, ಅದು ಬಹುಮಟ್ಟಿಗೆ ಹೋಯಿತು. ಎರಡನೆಯದು ಮೂರು ವರ್ಷಗಳ ನಂತರ. ಮೂರನೆಯ ಕೆಲಸವನ್ನು ಬಿಟ್ಟಿದ್ದೆ. ಮೂರನ್ನೂ ಬಿಟ್ಟ ರೀತಿ ಒಂದೇ ಎಂಬುದು ಆಗಷ್ಟೇ ಹೊಳೆದಿತ್ತು: ಮೇಲಧಿಕಾರಿಯನ್ನು ಮೊದಲು ದೇವರಂತೆ ಕಾಣುವುದು, ಇಬ್ಬರ ಕೆಲಸವನ್ನು ಒಬ್ಬಳೇ ಹೊರುವುದು, ಅವರಾಗಿ ಗಮನಿಸಲಿ ಎಂದು ಕಾಯುವುದು, ಕೊನೆಗೆ ಯಾವುದೋ ಸಣ್ಣ ಮಾತಿಗೆ ಒಳಗೊಳಗೇ ಮುರಿದು ರಾಜೀನಾಮೆ ಕೊಡುವುದು. ಮೊದಲ ತೊಂದರೆಗೆ ಒಂದು ವಿಳಾಸವಿತ್ತು. ಬಸ್ಸು, ಬೆಳಗಿನ ಹೊತ್ತು, ಮುಚ್ಚಿದ ಬಾಗಿಲು. ಎರಡನೆಯದಕ್ಕೆ ವಿಳಾಸವಿರಲಿಲ್ಲ. ಅದು ಊರು ಬದಲಾದರೂ ನನ್ನ ಜೊತೆಗೇ ಗಂಟು ಕಟ್ಟಿಕೊಂಡು ಬರುತ್ತಿತ್ತು. ಚಿಕಿತ್ಸೆಯನ್ನು ಆರಿಸುವಾಗ ನಾನು ಇಂದಿಗೂ ಮೊದಲು ಕೇಳಿಕೊಳ್ಳುವ ಪ್ರಶ್ನೆ ಇದು: ಈ ನೋವಿಗೆ ವಿಳಾಸವಿದೆಯೇ?

ಹೋಲಿಕೆಗೆ ಕೈಹಾಕುವ ಮೊದಲು ಒಂದು ಮಾತು. ಸಾಯಬೇಕೆಂಬ ಯೋಚನೆ ಬರುತ್ತಿದ್ದರೆ, ದಿನಗಟ್ಟಲೆ ಊಟ ನಿದ್ದೆ ಬಿಟ್ಟಿದ್ದರೆ, ಬೇರೆಯವರಿಗೆ ಕೇಳದ ದನಿಗಳು ಕೇಳುತ್ತಿದ್ದರೆ, ಈ ಬರಹವನ್ನು ಪಕ್ಕಕ್ಕಿಟ್ಟು ಮನೋವೈದ್ಯರ ಬಳಿಗೆ ಹೋಗಿ. ಯಾವ ಥೆರಪಿ ಎಂಬುದು ಆಮೇಲಿನ ಪ್ರಶ್ನೆ. ಕೇಂದ್ರ ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತವಾಗಿ ಸಿಗುತ್ತದೆ. ಕನ್ನಡದಲ್ಲೂ ಮಾತನಾಡಬಹುದು.

ಮನೋವಿಶ್ಲೇಷಣೆ ಏನು ಹೇಳುತ್ತದೆ

1880ರ ಕೊನೆಯಲ್ಲಿ ವಿಯೆನ್ನಾದ ವೈದ್ಯ ಯೋಸೆಫ್ ಬ್ರಾಯರ್ 21 ವರ್ಷದ ಬೆರ್ಟಾ ಪಾಪೆನ್‌ಹೈಮ್ ಎಂಬ ಯುವತಿಯನ್ನು ನೋಡಲು ಆರಂಭಿಸಿದರು. ಕಾಯಿಲೆ ಬಿದ್ದ ತಂದೆಯ ಆರೈಕೆ ಮಾಡುತ್ತಿದ್ದ ಆಕೆಗೆ ಕೆಮ್ಮು ಹಿಡಿದಿತ್ತು, ಕೈ ಸ್ವಾಧೀನ ತಪ್ಪಿತ್ತು, ಕಣ್ಣು ಮಂಜಾಗುತ್ತಿತ್ತು. ಎಲ್ಲಕ್ಕಿಂತ ವಿಚಿತ್ರವೆಂದರೆ ಆಕೆಯ ತಾಯ್ನುಡಿ ಜರ್ಮನ್ ಒಂದಷ್ಟು ಕಾಲ ಬಾಯಿಂದ ಹೊರಡದೇ ಹೋಯಿತು. ಆಗ ಆಕೆ ಇಂಗ್ಲಿಷಿನಲ್ಲಿ ಮಾತ್ರ ಮಾತನಾಡುತ್ತಿದ್ದರು. ಒಂದೊಂದು ಲಕ್ಷಣವೂ ಮೊದಲು ಯಾವಾಗ ಕಾಣಿಸಿತು ಎಂದು ಬ್ರಾಯರ್ ಎದುರು ಹೇಳುತ್ತ ಹೋದಂತೆ ಅದು ಸಡಿಲವಾಗುತ್ತಿತ್ತು. ಇದಕ್ಕೆ ‘ಮಾತಿನ ಚಿಕಿತ್ಸೆ’ ಎಂದು ಹೆಸರಿಟ್ಟವರು ವೈದ್ಯರಲ್ಲ, ಆಕೆಯೇ. ‘ಚಿಮಣಿ ಗುಡಿಸುವುದು’ ಎಂದೂ ಕರೆದರು. ಈ ಹೆಸರುಗಳು ಇಂಗ್ಲಿಷಿನಲ್ಲಿ ಹುಟ್ಟಿದ್ದಕ್ಕೆ ಕಾರಣ, ಆಕೆ ಕಳೆದುಕೊಂಡಿದ್ದ ತಾಯ್ನುಡಿ. ಬ್ರಾಯರ್ ಮತ್ತು ಮುಂದೆ ಮನೋವಿಶ್ಲೇಷಣೆಯನ್ನು ಕಟ್ಟಿದ ಸಿಗ್ಮಂಡ್ ಫ್ರಾಯ್ಡ್ 1895ರಲ್ಲಿ ಹೊರತಂದ ಹಿಸ್ಟೀರಿಯಾ ಕುರಿತ ಪುಸ್ತಕದಲ್ಲಿ ಆಕೆ ‘ಆನಾ ಓ’ ಎಂಬ ಹೆಸರಿನಲ್ಲಿ ಕಾಣಿಸಿಕೊಂಡರು.

ಆಕೆ ಅಷ್ಟಕ್ಕೇ ಗುಣವಾಗಲಿಲ್ಲ ಎಂಬುದನ್ನೂ ಹೇಳಬೇಕು. 1882ರಲ್ಲಿ ಸ್ವಿಟ್ಜರ್ಲೆಂಡಿನ ಆರೋಗ್ಯಧಾಮ ಸೇರಬೇಕಾಯಿತು. ಮುಂದೆ ಜರ್ಮನಿಯಲ್ಲಿ ಯಹೂದಿ ಮಹಿಳೆಯರ ಸಂಘಟನೆಯನ್ನು ಕಟ್ಟಿ ದೊಡ್ಡ ಕೆಲಸ ಮಾಡಿದರು. ಮನೋವಿಶ್ಲೇಷಣೆಯ ಮೊಟ್ಟಮೊದಲ ಕಥೆಯೇ ಪವಾಡದ ಕಥೆಯಲ್ಲ ಎಂಬುದು ನನಗೆ ಸಮಾಧಾನ ಕೊಡುವ ವಿಷಯ. ಚಿಕಿತ್ಸೆಗೆ ಹೋಗುವವರು ಪವಾಡ ನಿರೀಕ್ಷಿಸಬಾರದು.

ಫ್ರಾಯ್ಡ್ ಅಲ್ಲಿಂದ ಮುಂದೆ ಹೋದರು. ಸಮ್ಮೋಹನವನ್ನು ಕೈಬಿಟ್ಟು, ಮನಸ್ಸಿಗೆ ಬಂದದ್ದನ್ನು ಬಂದ ಹಾಗೆಯೇ ಹೇಳಿ ಎಂದರು. ನಾಚಿಕೆಯದಾಗಲಿ, ಅರ್ಥವಿಲ್ಲದ್ದಾಗಲಿ, ಕೇಳುತ್ತ ಕುಳಿತ ವೈದ್ಯರ ಬಗ್ಗೆಯೇ ಆಗಲಿ, ಸೋಸದೆ ಹೇಳಬೇಕು. ಇದೇ ಮುಕ್ತ ಸಾಹಚರ್ಯ. ಕೇಳಲು ಸುಲಭ. ಐದು ನಿಮಿಷ ಪ್ರಯತ್ನಿಸಿದರೆ ನಾವು ಎಷ್ಟು ಸೋಸುತ್ತೇವೆ ಎಂಬುದು ಗೊತ್ತಾಗುತ್ತದೆ. ಎಲ್ಲಿ ನಾಲಿಗೆ ತಡೆಯುತ್ತದೋ ಅಲ್ಲಿ ಏನೋ ಇದೆ. ಮರೆತದ್ದು ಬೇರೆ, ನೆನಪಾಗಲು ಬಿಡದ್ದು ಬೇರೆ. ಎರಡನೆಯದಕ್ಕೆ ದಮನ ಎಂದು ಹೆಸರು. ಹೀಗೆ ಅದುಮಿಟ್ಟದ್ದು ಹಳೆಯ ಸಾಮಾನಿನಂತೆ ಅಟ್ಟದ ಮೇಲೆ ಸುಮ್ಮನೆ ಬಿದ್ದಿರುವುದಿಲ್ಲ. ಅದು ಕನಸಿನಲ್ಲಿ, ಬಾಯಿತಪ್ಪಿ ಬಂದ ಮಾತಿನಲ್ಲಿ, ಕಾರಣ ತಿಳಿಯದ ತಲೆನೋವಿನಲ್ಲಿ, ಪ್ರತಿ ಬಾರಿಯೂ ಅದೇ ಬಗೆಯ ಸಂಗಾತಿಯನ್ನು ಆರಿಸುವುದರಲ್ಲಿ ಕೆಲಸ ಮಾಡುತ್ತಲೇ ಇರುತ್ತದೆ. ಸುಪ್ತ ಮನಸ್ಸು ಎಂದು ನಾವು ಕರೆಯುವುದು ಹೆಸರಿಗೆ ಮಾತ್ರ ಸುಪ್ತ.

1923ರಲ್ಲಿ ಫ್ರಾಯ್ಡ್ ಮನಸ್ಸನ್ನು ಮೂರು ಪಾಲಾಗಿ ಬಿಡಿಸಿಟ್ಟರು. ನಮ್ಮ ಪಠ್ಯಪುಸ್ತಕಗಳಲ್ಲಿ ಇವು ಇದ್, ಅಹಂ, ಅತ್ಯಹಂ ಎಂದು ಬರುತ್ತವೆ. ಓದಿದವರಿಗೆ ಯಾವುದೋ ಮೂರು ಅಂಗಗಳ ಹೆಸರಿನಂತೆ ಕೇಳಿಸುತ್ತವೆ. ಆದರೆ ಫ್ರಾಯ್ಡ್ ಬಳಸಿದ್ದು ಮಕ್ಕಳಿಗೂ ತಿಳಿಯುವ ಜರ್ಮನ್ ಪದಗಳನ್ನು. ಲ್ಯಾಟಿನ್ ಹೆಸರುಗಳನ್ನು ತೊಡಿಸಿದವರು ಇಂಗ್ಲಿಷ್ ಅನುವಾದಕರು. ನೇರವಾಗಿ ಕನ್ನಡಕ್ಕೆ ತಂದರೆ ‘ಅದು’, ‘ನಾನು’, ‘ಮೇಲಿನ ನಾನು’ ಎಂದಾಗುತ್ತದೆ. ‘ನನಗೇ ತಿಳಿಯಲಿಲ್ಲ, ಅದು ಹಾಗೆ ಮಾಡಿಸಿಬಿಟ್ಟಿತು’ ಎನ್ನುವಾಗಿನ ‘ಅದು’. ‘ಜನ ಏನೆನ್ನುತ್ತಾರೆ’ ಎಂದು ಒಳಗೇ ಕುಳಿತು ಗದರುವ ಮೇಲಿನ ನಾನು. ಎರಡರ ನಡುವೆ, ಹೊರಗಿನ ಲೋಕಕ್ಕೂ ಉತ್ತರ ಹೇಳುತ್ತ ಹೆಣಗುವ ನಾನು.

ಹೆಣಗುವ ಈ ನಾನು ತನ್ನನ್ನು ಕಾಪಾಡಿಕೊಳ್ಳಲು ಕೆಲವು ಉಪಾಯಗಳನ್ನು ಕಂಡುಕೊಳ್ಳುತ್ತದೆ. ಫ್ರಾಯ್ಡ್ ಅವರ ಮಗಳು ಆನಾ ಫ್ರಾಯ್ಡ್ 1936ರಲ್ಲಿ ಇವನ್ನು ಒಪ್ಪವಾಗಿ ವಿವರಿಸಿದರು. ರಕ್ಷಣಾ ತಂತ್ರಗಳು ಎಂಬ ಹೆಸರು ಭಾರವಾದದ್ದು, ಆದರೆ ವಿಷಯ ನಮಗೆ ಹೊಸದಲ್ಲ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬ ಗಾದೆ ಅಂಥ ಒಂದು ತಂತ್ರವನ್ನು ಪೂರ್ತಿಯಾಗಿ ಹೇಳಿ ಮುಗಿಸಿದೆ. ಕೈಗೆಟುಕದ ದ್ರಾಕ್ಷಿ ಹುಳಿ ಎಂಬುದು ಇನ್ನೊಂದು. ಈ ತಂತ್ರಗಳು ಒಂದು ಕಾಲದಲ್ಲಿ ನಮ್ಮನ್ನು ನಿಜವಾಗಿ ಕಾಪಾಡಿರುತ್ತವೆ. ಬೈಗುಳದ ಮನೆಯಲ್ಲಿ ಬೆಳೆದ ಮಗು ಏನೂ ಅನಿಸದಂತೆ ಇರಲು ಕಲಿತದ್ದು ಜಾಣತನ. ಅದೇ ಮಗು 40ನೆಯ ವಯಸ್ಸಿನಲ್ಲಿ ತನ್ನ ಹೆಂಡತಿಯ ಕಣ್ಣೀರಿನ ಎದುರು ಏನೂ ಅನಿಸದೆ ಕುಳಿತಿರುವುದು ತೊಂದರೆ.

ಇನ್ನು ಭಾವವರ್ಗಾವಣೆ. ಇಡೀ ಸಿದ್ಧಾಂತದಲ್ಲಿ ಚಿಕಿತ್ಸೆಗೆ ಅತ್ಯಂತ ಉಪಯುಕ್ತವಾದದ್ದು ಇದೇ ಎಂದು ನನ್ನ ನಂಬಿಕೆ. ಹಿಂದೆ ಯಾರೊಡನೆಯೋ ಕಲಿತ ಪ್ರೀತಿ, ಭಯ, ಮುನಿಸುಗಳನ್ನು ನಾವು ಈಗಿನ ವ್ಯಕ್ತಿಯ ಮೇಲೆ ಹೊರಿಸುತ್ತೇವೆ, ಥೆರಪಿಸ್ಟ್ ಮೇಲೂ. ಫ್ರಾಯ್ಡ್ ಇದನ್ನು ಸೋಲಿನಿಂದ ಕಲಿತರು. 1900ರಲ್ಲಿ ತಂದೆಯೊಬ್ಬರು ತಮ್ಮ 18 ವರ್ಷದ ಮಗಳನ್ನು ಅವರ ಬಳಿಗೆ ಕರೆತಂದರು. ಕುಟುಂಬದ ಸ್ನೇಹಿತನೊಬ್ಬ ಆಕೆಯ ಮೇಲೆ ಕಣ್ಣು ಹಾಕಿದ್ದ. ಹೇಳಿದರೆ ಮನೆಯವರು ನಂಬಲಿಲ್ಲ. ಫ್ರಾಯ್ಡ್ ಆಕೆಯ ಕನಸುಗಳನ್ನು ಬಿಡಿಸುವುದರಲ್ಲಿ ಮುಳುಗಿದ್ದರು. 11 ವಾರಗಳ ನಂತರ, ಡಿಸೆಂಬರ್ 31ರಂದು, ಇದೇ ಕೊನೆಯ ದಿನ ಎಂದು ಹೇಳಿ ಆಕೆ ಎದ್ದುಹೋದಳು. ತನ್ನನ್ನು ಬಳಸಿಕೊಂಡ ಗಂಡಸರ ಸಾಲಿನಲ್ಲಿ ಆಕೆ ವೈದ್ಯರನ್ನೂ ನಿಲ್ಲಿಸಿದ್ದಳು, ತಾನು ಅದನ್ನು ಸಕಾಲದಲ್ಲಿ ಕಾಣಲಿಲ್ಲ ಎಂದು ಫ್ರಾಯ್ಡ್ 1905ರಲ್ಲಿ ‘ಡೋರಾ’ ಎಂಬ ಹೆಸರಿನಲ್ಲಿ ಈ ಪ್ರಕರಣವನ್ನು ಪ್ರಕಟಿಸುವಾಗ ಒಪ್ಪಿಕೊಂಡರು.

ಫ್ರಾಯ್ಡ್ ಹೇಳಿದ್ದೆಲ್ಲ ಉಳಿದಿಲ್ಲ. ಹೆಣ್ಣಿನ ಬಗ್ಗೆ ಅವರು ಬರೆದದ್ದರಲ್ಲಿ ಬಹಳಷ್ಟನ್ನು ಮನೋವಿಶ್ಲೇಷಕರೇ ಕೈಬಿಟ್ಟಿದ್ದಾರೆ. ಜೊತೆಗಿದ್ದ ಆಡ್ಲರ್ 1911ರಲ್ಲಿ, ಯುಂಗ್ 1913ರಲ್ಲಿ ಫ್ರಾಯ್ಡ್ ಅವರಿಂದ ಬೇರೆಯಾದರು. ಮೆಲನಿ ಕ್ಲೈನ್, ವಿನಿಕಾಟ್, ಬೌಲ್ಬಿ ಮೊದಲಾದ ಮನೋವಿಶ್ಲೇಷಕರು ಲಂಡನ್ನಿನಲ್ಲಿ ಗಮನವನ್ನು ಕಾಮದ ಬಯಕೆಯಿಂದ ತಾಯಿ ಮಗುವಿನ ಮೊದಲ ನಂಟಿನ ಕಡೆಗೆ ತಿರುಗಿಸಿದರು. ಕೋಲ್ಕತ್ತದಲ್ಲಿ ಗಿರೀಂದ್ರಶೇಖರ ಬೋಸ್ 1922ರಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಸ್ಥಾಪಿಸಿದರು. ತಮ್ಮ ಭಾರತೀಯ ರೋಗಿಗಳಲ್ಲಿ ಕೆಲವು ಭಯಗಳು ಯೂರೋಪಿನವರಲ್ಲಿ ಕಾಣುವಷ್ಟು ಬಲವಾಗಿಲ್ಲ ಎಂದು ಫ್ರಾಯ್ಡ್ ಅವರಿಗೇ ಪತ್ರ ಬರೆಯುವ ಧೈರ್ಯ ಅವರಿಗಿತ್ತು. ಆಮೇಲೆ ಮನೋವಿಶ್ಲೇಷಕ ಸುಧೀರ್ ಕಕ್ಕರ್ ಭಾರತದ ಕೂಡುಕುಟುಂಬ, ತಾಯಿ ಮತ್ತು ಮಗನ ನಂಟು ಇವುಗಳ ಬೆಳಕಿನಲ್ಲಿ ಈ ಸಿದ್ಧಾಂತವನ್ನು ಮತ್ತೆ ಓದಿದರು. ಆದ್ದರಿಂದ ಇಂದು ನೀವು ಇಂಥ ಥೆರಪಿಸ್ಟ್ ಒಬ್ಬರ ಬಳಿಗೆ ಹೋದರೆ ಅವರು ಎಲ್ಲವನ್ನೂ ಕಾಮಕ್ಕೆ ಎಳೆಯುತ್ತಾರೆ ಎಂಬ ಅಳುಕು ಬೇಡ.

ಮಂಚದ ಮೇಲೆ, ವಾರಕ್ಕೆ ನಾಲ್ಕು ದಿನ

ಪೂರ್ಣ ಮನೋವಿಶ್ಲೇಷಣೆ ಎಂದರೆ ಮಂಚದ ಮೇಲೆ ಮಲಗಿ, ಕಣ್ಣಿಗೆ ಕಾಣದಂತೆ ಹಿಂದೆ ಕುಳಿತ ವಿಶ್ಲೇಷಕರಿಗೆ ಕೇಳುವಂತೆ ಮಾತನಾಡುವುದು. ಒಂದು ಅವಧಿ 45ರಿಂದ 50 ನಿಮಿಷ. ಫ್ರಾಯ್ಡ್ ಕಾಲದಲ್ಲಿ ವಾರಕ್ಕೆ ಆರು ದಿನ ನಡೆಯುತ್ತಿತ್ತು, ಈಗ ಮೂರರಿಂದ ಐದು. ಹೀಗೆ ಹಲವು ವರ್ಷ. ದಿನಕ್ಕೆ ಎಂಟು ಗಂಟೆ ಜನ ತನ್ನ ಮುಖವನ್ನೇ ದಿಟ್ಟಿಸುವುದನ್ನು ತಾಳಲಾರೆ ಎಂಬುದೂ ಮಂಚಕ್ಕೆ ಒಂದು ಕಾರಣ ಎಂದು ಫ್ರಾಯ್ಡ್ ಬರೆದಿದ್ದಾರೆ. ಆದರೆ ಮಲಗಿದವರಿಗೂ ಅದರಿಂದ ಲಾಭವಿದೆ. ಎದುರಿನವರ ಮುಖ ಓದಿ ಮಾತನ್ನು ತಿದ್ದಿಕೊಳ್ಳುವ ಅಭ್ಯಾಸ ಅಲ್ಲಿ ನಡೆಯುವುದಿಲ್ಲ.

ಇದು ಯಾರಿಗೆ? ಹಣ, ಸಮಯ, ತಾಳ್ಮೆ ಮೂರೂ ಇದ್ದು, ಒಂದು ಲಕ್ಷಣ ಹೋಗುವುದಕ್ಕಿಂತ ಹೆಚ್ಚಾಗಿ ತಾನು ಬದುಕುವ ಬಗೆಯನ್ನೇ ಬೇರುಮಟ್ಟದಲ್ಲಿ ಅರಿಯಬೇಕೆಂದು ಹೊರಟವರಿಗೆ. ತಾವೇ ಮನೋವಿಶ್ಲೇಷಕರಾಗಬೇಕೆನ್ನುವವರಿಗೆ ಇದು ಕಡ್ಡಾಯ. ತಾನು ವಿಶ್ಲೇಷಣೆಗೆ ಒಳಗಾಗದೆ ಇನ್ನೊಬ್ಬರನ್ನು ವಿಶ್ಲೇಷಿಸುವಂತಿಲ್ಲ ಎಂಬುದು ಆ ತರಬೇತಿಯ ನಿಯಮ. ಭಾರತದಲ್ಲಿ ಹೀಗೆ ಪೂರ್ಣ ತರಬೇತಿ ಪಡೆದವರು ವಿರಳ. ಹೆಚ್ಚಿನವರು ಕೋಲ್ಕತ್ತ, ಮುಂಬಯಿ, ದೆಹಲಿಗಳಲ್ಲಿದ್ದಾರೆ. ಕರ್ನಾಟಕದ ಓದುಗರಿಗೆ ಇದು ಹೆಚ್ಚಾಗಿ ಆನ್‌ಲೈನ್ ಮೂಲಕವೇ ಸಿಗುವಂಥದ್ದು. ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಸಲ ಚಿಕಿತ್ಸೆಗೆ ಹೋಗುವವರು ಇಲ್ಲಿಂದ ಆರಂಭಿಸಬೇಕಿಲ್ಲ.

ವಾರಕ್ಕೊಮ್ಮೆ, ಎದುರುಬದುರು

ಮನೋವಿಶ್ಲೇಷಣೆಯ ತಿಳಿವಳಿಕೆಯನ್ನೇ ಇಟ್ಟುಕೊಂಡು, ಮಂಚವಿಲ್ಲದೆ, ವಾರಕ್ಕೆ ಒಂದೆರಡು ಬಾರಿ ಕುರ್ಚಿಯಲ್ಲಿ ಕುಳಿತು ನಡೆಸುವುದು ಸೈಕೋಡೈನಾಮಿಕ್ ಥೆರಪಿ. ಕೆಲವರು ಇದನ್ನೇ ಮನೋವಿಶ್ಲೇಷಣಾತ್ಮಕ ಚಿಕಿತ್ಸೆ ಎನ್ನುತ್ತಾರೆ. 16ರಿಂದ 24 ಅವಧಿಗಳಲ್ಲಿ ಮುಗಿಯುವ ಕಿರು ರೂಪವೂ ಇದೆ, ಎರಡು ಮೂರು ವರ್ಷ ಹಿಡಿಯುವ ದೀರ್ಘ ರೂಪವೂ ಇದೆ. ನಾನು ಎರಡನೆಯ ಸಲ ಹೋದದ್ದು ದೀರ್ಘ ರೂಪಕ್ಕೆ.

ಮೊದಲ ಎರಡು ತಿಂಗಳು ನನಗೆ ಸಿಟ್ಟೇ ಬರುತ್ತಿತ್ತು. ನನ್ನ ಥೆರಪಿಸ್ಟ್ ಸಲಹೆ ಕೊಡುತ್ತಿರಲಿಲ್ಲ. ಏನು ಮಾಡಲಿ ಎಂದು ಕೇಳಿದರೆ, ಹಾಗೆ ಕೇಳಬೇಕೆನಿಸಿದ್ದು ಏಕೆ ಎಂದು ವಿಚಾರಿಸುತ್ತಿದ್ದರು. ನಮ್ಮಲ್ಲಿ ಹಿರಿಯರ ಬಳಿಗೆ ಹೋಗುವುದೇ ಬುದ್ಧಿಮಾತು ಕೇಳಲು. ಭಾರತದ ರೋಗಿಗಳು ವೈದ್ಯರಲ್ಲಿ ಗುರುವನ್ನು ಅರಸುತ್ತಾರೆ, ಆದ್ದರಿಂದ ಗುರುಶಿಷ್ಯ ಸಂಬಂಧವನ್ನೇ ಚಿಕಿತ್ಸೆಯ ಮಾದರಿಯಾಗಿಸಬಹುದೇ ಎಂದು ಮನೋವೈದ್ಯ ಜಸ್ವಂತ್ ಸಿಂಗ್ ನೇಕಿ 1973ರಲ್ಲೇ ಚರ್ಚಿಸಿದ್ದರು. ನನ್ನ ಸಿಟ್ಟಿಗೂ ಅದೇ ಮೂಲ. ಈ ಚಿಕಿತ್ಸೆಗೆ ಹೋಗುವವರು ಇಷ್ಟನ್ನು ಮೊದಲೇ ತಿಳಿದಿರಬೇಕು: ಆರಂಭದ ವಾರಗಳಲ್ಲಿ ಕೈಯಲ್ಲಿ ಹಿಡಿದು ಮನೆಗೆ ಒಯ್ಯುವಂಥದ್ದು ಏನೂ ಸಿಗದಿರಬಹುದು.

ಮೂರನೆಯ ತಿಂಗಳಲ್ಲಿ ಒಂದು ದಿನ ಆಕೆ ಹೇಳಿದರು: ‘ನೀವು ಪ್ರತಿ ವಾರ ಹತ್ತು ನಿಮಿಷ ಮೊದಲೇ ಬರುತ್ತೀರಿ, ಹೇಳುವುದನ್ನೆಲ್ಲ ಸಿದ್ಧಮಾಡಿಕೊಂಡು ಬರುತ್ತೀರಿ. ಇಲ್ಲಿಯೂ ಇಬ್ಬರ ಕೆಲಸವನ್ನು ಒಬ್ಬರೇ ಮಾಡುತ್ತಿದ್ದೀರಿ ಅನಿಸುತ್ತದೆ.’ ಮೂರು ಕಚೇರಿಗಳಲ್ಲಿ ನಡೆದದ್ದು ಆ ಪುಟ್ಟ ಕೋಣೆಯಲ್ಲೂ ನಡೆಯುತ್ತಿತ್ತು. ಭಾವವರ್ಗಾವಣೆ ಎಂಬ ಪದ ನನಗೆ ಗೊತ್ತಿತ್ತು, ಆದರೆ ಅದರ ಅರ್ಥ ಆ ದಿನವೇ ಗೊತ್ತಾದದ್ದು.

ಇನ್ನೊಂದು ದಿನದ ಮಾತು. ನಾವಿಬ್ಬರೂ ಕನ್ನಡದವರಾದರೂ ಹೇಗೋ ಇಂಗ್ಲಿಷಿನಲ್ಲೇ ಮಾತು ಸಾಗಿತ್ತು. ಚಿಕ್ಕವಳಿದ್ದಾಗ ಹೇಗಿದ್ದೆ ಎಂಬುದಕ್ಕೆ ‘ಸ್ಟಬರ್ನ್’ ಎಂದು ನಾಲ್ಕಾರು ಸಲ ಹೇಳಿದ್ದೆ. ಆ ಪದ ನನ್ನ ಸ್ವವಿವರದಲ್ಲಿ ಬರೆದುಕೊಂಡ ಗುಣದಂತಿತ್ತು. ಐದನೆಯ ತಿಂಗಳಲ್ಲಿ, ಊಟ ಬೇಡ ಎಂದು ಪಟ್ಟು ಹಿಡಿದದ್ದಕ್ಕಾಗಿ ಅಪ್ಪ ನನ್ನನ್ನು ಪಡಸಾಲೆಯಲ್ಲಿ ನಿಲ್ಲಿಸಿದ್ದನ್ನು ಹೇಳುವಾಗ ಬಾಯಿಂದ ‘ಹಟಮಾರಿ’ ಎಂದು ಬಂತು. ಬಂದದ್ದೇ ತಡ, ಪಡಸಾಲೆಯ ತಣ್ಣನೆಯ ನೆಲ, ಒಳಗೆ ತಟ್ಟೆಗಳ ಸದ್ದು, ಯಾರಾದರೂ ಕರೆಯಲಿ ಎಂದು ಕಾದದ್ದು, ಯಾರೂ ಕರೆಯದಿದ್ದದ್ದು ಎಲ್ಲ ಒಟ್ಟಿಗೇ ಬಂದವು. ಅತ್ತುಬಿಟ್ಟೆ. ಅಂದಿನಿಂದ ನಮ್ಮ ಮಾತು ಕನ್ನಡಕ್ಕೆ ತಿರುಗಿತು. ಬೆರ್ಟಾ ಪಾಪೆನ್‌ಹೈಮ್ ತಾಯ್ನುಡಿಯನ್ನೇ ಏಕೆ ಕಳೆದುಕೊಂಡರು ಎಂದು ನಾನು ಆಮೇಲೆ ಬಹಳ ಯೋಚಿಸಿದ್ದೇನೆ. ನೋವಾದ ಭಾಷೆಯಿಂದ ದೂರ ಹೋದರೆ ನೋವಿನಿಂದಲೂ ಒಂದಿಷ್ಟು ದೂರ ಹೋಗಬಹುದು. ಆದರೆ ಈ ಬಗೆಯ ಚಿಕಿತ್ಸೆಗೆ ಹೋಗಬೇಕಾದದ್ದು ನೋವಿನ ಹತ್ತಿರಕ್ಕೆ. ಹೊರನಾಡಿನಲ್ಲೋ ಹೊರದೇಶದಲ್ಲೋ ಇರುವ ಕನ್ನಡಿಗರಿಗೆ ನಾನು ಒತ್ತಿ ಹೇಳುವುದು ಇದನ್ನೇ: ಸಾಧ್ಯವಾದರೆ ನೀವು ಬಾಲ್ಯದಲ್ಲಿ ಅತ್ತ ಭಾಷೆಯನ್ನು ಬಲ್ಲವರನ್ನು ಹುಡುಕಿ. ಸಿಗದಿದ್ದರೆ, ಕನ್ನಡದ ಪದ ಬಂದಾಗ ಅದನ್ನು ಹಾಗೆಯೇ ಹೇಳಿ, ಆಮೇಲೆ ವಿವರಿಸಿ. ಸಿಬಿಟಿಗೆ ಭಾಷೆ ಇಷ್ಟು ಅಡ್ಡಿಯಾಗಲಿಲ್ಲ. ನನ್ನ ಬಸ್ಸಿನ ಭಯವನ್ನು ಇಂಗ್ಲಿಷಿನಲ್ಲೇ ಕಳೆದುಕೊಂಡೆ.

ಸಿಬಿಟಿ: ಅದೇ ಮನೆಯಿಂದ ಹೊರಟ ಮಗು

ಮನೋವಿಶ್ಲೇಷಣೆ ಮತ್ತು ಸಿಬಿಟಿ ಹಾವು ಮುಂಗುಸಿಯಂತೆ ಎಂದು ಭಾವಿಸುವವರಿದ್ದಾರೆ. ಆದರೆ ಸಿಬಿಟಿಗೆ ರೂಪ ಕೊಟ್ಟ ಆರನ್ ಬೆಕ್ ಮನೋವಿಶ್ಲೇಷಣೆಯಲ್ಲೇ ತರಬೇತಿ ಪಡೆದವರು. ಖಿನ್ನತೆ ಎಂದರೆ ಒಳಮುಖವಾದ ಕೋಪ ಎಂಬ ಫ್ರಾಯ್ಡ್ ಮಾತನ್ನು ರುಜುವಾತು ಮಾಡಬೇಕೆಂದು ಅವರು ಖಿನ್ನರ ಕನಸುಗಳನ್ನು ಪರೀಕ್ಷಿಸಿದರು. ಕೋಪಕ್ಕಿಂತ ಹೆಚ್ಚಾಗಿ ಅಲ್ಲಿ ಸಿಕ್ಕಿದ್ದು ಸೋಲು, ನಷ್ಟ, ಕೈಬಿಟ್ಟುಹೋದ ಭಾವ. ಎಚ್ಚರದಲ್ಲೂ ಆ ಜನ ತಮ್ಮ ಬಗ್ಗೆ ಹೀಗೆಯೇ ಯೋಚಿಸುತ್ತಿದ್ದರು. ಹಾಗಾದರೆ ಆ ಯೋಚನೆಯನ್ನೇ ಎತ್ತಿಕೊಂಡು ನಿಜವೋ ಸುಳ್ಳೋ ಎಂದು ಒರೆಗೆ ಹಚ್ಚಬಾರದೇಕೆ ಎಂದು 1960ರ ದಶಕದಲ್ಲಿ ಅವರು ಹೊಸ ದಾರಿ ಹಿಡಿದರು. ಆಲ್ಬರ್ಟ್ ಎಲ್ಲಿಸ್ ಕೂಡ ಮನೋವಿಶ್ಲೇಷಣೆಯಿಂದಲೇ ಹೊರಬಂದು, ಇದಕ್ಕೆ ಹತ್ತಿರದ ಇನ್ನೊಂದು ದಾರಿಯನ್ನು ಮೊದಲೇ ತುಳಿದಿದ್ದರು.

ಸಿಬಿಟಿಯಲ್ಲಿ ಥೆರಪಿಸ್ಟ್ ಹೆಚ್ಚು ಮಾತನಾಡುತ್ತಾರೆ, ಕಲಿಸುತ್ತಾರೆ, ಮನೆಗೆಲಸ ಕೊಡುತ್ತಾರೆ. ನನ್ನ ನೋಟುಪುಸ್ತಕದಲ್ಲಿ ಮೂರು ಅಂಕಣಗಳಿದ್ದವು: ನಡೆದದ್ದು, ಆಗ ಬಂದ ಯೋಚನೆ, ಆ ಯೋಚನೆಗೆ ಇರುವ ಆಧಾರ. ಎದೆ ಹೊಡೆದುಕೊಂಡರೆ ಸಾಯುತ್ತೇನೆ ಎಂಬುದಕ್ಕೆ ಆಧಾರ ಹುಡುಕುತ್ತ ಹೋದೆ. ಆಮೇಲೆ ಒಂದು ನಿಲ್ದಾಣದಷ್ಟು ದೂರ ಬಸ್ಸಿನಲ್ಲಿ ಹೋಗುವುದು, ಮುಂದಿನ ವಾರ ಮೂರು ನಿಲ್ದಾಣ, ಕೊನೆಗೆ ಜನಜಂಗುಳಿಯ ಹೊತ್ತಿನಲ್ಲಿ ಪೂರ್ತಿ ದಾರಿ. ಭಯ ಏರಿದರೂ ಇಳಿಯದೆ ಕುಳಿತಿದ್ದರೆ ಅದು ತಾನಾಗಿ ಇಳಿಯುತ್ತದೆ ಎಂಬುದನ್ನು ದೇಹವೇ ಕಲಿಯಿತು. ಗಾಬರಿ ಏಕೆ ಬಂತು ಎಂದು ನಾವು ಬಾಲ್ಯವನ್ನು ಕೆದಕಲಿಲ್ಲ. ಕೆದಕುವ ಅಗತ್ಯವೂ ಬೀಳಲಿಲ್ಲ.

ಪರೀಕ್ಷೆಗಳು ತೋರಿಸಿದ್ದು

ಯಾವುದು ಮೇಲು ಎಂಬುದಕ್ಕೆ ಒಂದೇ ಉತ್ತರವಿಲ್ಲ. ಕಾಯಿಲೆಗೆ ತಕ್ಕಂತೆ ಉತ್ತರ ಬದಲಾಗುತ್ತದೆ. 2013ರಲ್ಲಿ ಪ್ರಕಟವಾದ ಆಮ್‌ಸ್ಟರ್‌ಡ್ಯಾಮಿನ ಅಧ್ಯಯನದಲ್ಲಿ ಖಿನ್ನತೆಯ 341 ಜನರಿಗೆ 16 ಅವಧಿಗಳ ಸಿಬಿಟಿಯನ್ನೋ ಕಿರು ಸೈಕೋಡೈನಾಮಿಕ್ ಚಿಕಿತ್ಸೆಯನ್ನೋ ಕೊಟ್ಟರು. ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಪೂರ್ತಿ ಚೇತರಿಸಿಕೊಂಡವರು ಎರಡೂ ಕಡೆ ಕಾಲುಭಾಗಕ್ಕಿಂತ ಕಡಿಮೆ. 16 ಅವಧಿ ಹಲವರಿಗೆ ಸಾಲದು ಎಂಬುದನ್ನು ನಾನು ಇದರಿಂದ ತಿಳಿದುಕೊಳ್ಳುತ್ತೇನೆ.

ಕೋಪನ್‌ಹೇಗನ್ನಿನ 2014ರ ಅಧ್ಯಯನ ಬೇರೆಯದೇ ಚಿತ್ರ ಕೊಡುತ್ತದೆ. ಅಳತೆಮೀರಿ ತಿಂದು ವಾಂತಿ ಮಾಡಿಕೊಳ್ಳುವ ಬುಲಿಮಿಯಾ ಇದ್ದ 70 ಜನರಲ್ಲಿ ಕೆಲವರಿಗೆ ಐದು ತಿಂಗಳಲ್ಲಿ 20 ಅವಧಿಗಳ ಸಿಬಿಟಿ, ಉಳಿದವರಿಗೆ ಎರಡು ವರ್ಷ ವಾರಕ್ಕೊಮ್ಮೆ ಮನೋವಿಶ್ಲೇಷಣಾತ್ಮಕ ಚಿಕಿತ್ಸೆ. ಎರಡು ವರ್ಷದ ಕೊನೆಗೆ ಆ ನಡವಳಿಕೆ ನಿಂತಿದ್ದದ್ದು ಸಿಬಿಟಿ ಪಡೆದವರಲ್ಲಿ ಶೇ. 44, ಇನ್ನೊಂದು ಗುಂಪಿನಲ್ಲಿ ಶೇ. 15. ಕಡಿಮೆ ಸಮಯದಲ್ಲಿ ಹೆಚ್ಚು ಫಲ. ಮನೋವಿಶ್ಲೇಷಣೆಯನ್ನು ಪ್ರೀತಿಸುವ ನನ್ನಂಥವರು ಈ ಅಂಕಿಗಳ ಎದುರು ತಲೆಬಾಗಲೇಬೇಕು.

ಲಂಡನ್ನಿನ ಟ್ಯಾವಿಸ್ಟಾಕ್ ಚಿಕಿತ್ಸಾಲಯದ 2015ರ ಅಧ್ಯಯನ ಮೂರನೆಯದು. ಹಲವು ಚಿಕಿತ್ಸೆಗಳಿಗೂ ಬಗ್ಗದ ದೀರ್ಘ ಖಿನ್ನತೆಯ 129 ಜನ. ಅರ್ಧದಷ್ಟು ಜನರಿಗೆ ಮಾಮೂಲು ಚಿಕಿತ್ಸೆಯ ಜೊತೆಗೆ 18 ತಿಂಗಳು ವಾರಕ್ಕೊಮ್ಮೆ ಮನೋವಿಶ್ಲೇಷಣಾತ್ಮಕ ಚಿಕಿತ್ಸೆ. ಅದು ಮುಗಿದಾಗ ಎರಡು ಗುಂಪುಗಳ ನಡುವೆ ದೊಡ್ಡ ಅಂತರವಿರಲಿಲ್ಲ. ಅಂತರ ಕಾಣಿಸಿಕೊಂಡದ್ದು ಆಮೇಲೆ. ಆರಂಭದಿಂದ 42 ತಿಂಗಳ ಹೊತ್ತಿಗೆ ಭಾಗಶಃ ಚೇತರಿಕೆಯಲ್ಲಿದ್ದವರು ಮೊದಲ ಗುಂಪಿನಲ್ಲಿ ಶೇ. 30, ಇನ್ನೊಂದರಲ್ಲಿ ಶೇ. 4.4. ಚಿಕಿತ್ಸೆ ನಿಂತ ಮೇಲೂ ಒಳಗೆ ಕೆಲಸ ನಡೆಯುತ್ತಿರುತ್ತದೆ ಎಂದು ಈ ಪರಂಪರೆಯವರು ಹೇಳುತ್ತ ಬಂದಿರುವುದಕ್ಕೆ ಇದು ಬಲ ಕೊಡುತ್ತದೆ. ನನಗೂ ಹೆಚ್ಚಿನ ಬದಲಾವಣೆ ಅರಿವಿಗೆ ಬಂದದ್ದು ಚಿಕಿತ್ಸೆ ಮುಗಿದ ಮರುವರ್ಷ.

ಗೀಳು ಮನೋರೋಗಕ್ಕೆ, ಅಂದರೆ ಕೈ ತೊಳೆದಷ್ಟೂ ಸಾಲದು, ಬೀಗ ನೋಡಿದಷ್ಟೂ ಸಾಲದು ಎನ್ನುವ ಕಾಯಿಲೆಗೆ, ಭಯ ಹುಟ್ಟಿಸುವುದನ್ನು ಮುಟ್ಟಿ ಆಮೇಲೆ ತೊಳೆಯದೆ ಇರುವುದನ್ನು ಕಲಿಸುವ ಸಿಬಿಟಿ ಬಗೆಯನ್ನು, ಬೇಕಿದ್ದರೆ ಮಾತ್ರೆಯ ಜೊತೆಗೆ, ಮೊದಲು ಆರಿಸಿ. ನಿರ್ದಿಷ್ಟ ವಸ್ತುವಿನ ಭಯ, ಪ್ಯಾನಿಕ್ ಎಂಬ ದಿಢೀರ್ ಗಾಬರಿ ಇವಕ್ಕೂ ಸಿಬಿಟಿಯೇ ಮೊದಲು. ಕ್ಷಣಕ್ಕೊಂದು ಭಾವ, ತನ್ನನ್ನೇ ಗಾಯಮಾಡಿಕೊಳ್ಳುವುದು, ಸಂಬಂಧಗಳ ಬಿರುಗಾಳಿ ಇರುವವರಿಗೆ ಭಾವಗಳನ್ನು ಸಂಭಾಳಿಸಲು ಕಲಿಸುವ ಡಿಬಿಟಿಯೂ ಇದೆ, ಮನೋವಿಶ್ಲೇಷಣೆಯಿಂದಲೇ ಹುಟ್ಟಿದ, ತನ್ನ ಮತ್ತು ಇತರರ ಮನಸ್ಸನ್ನು ಅರಿಯಲು ಕಲಿಸುವ ಎಂಬಿಟಿಯೂ ಇದೆ. ಒಂದೇ ಮಾದರಿಯ ಸಂಬಂಧ, ಒಂದೇ ಮಾದರಿಯ ಸೋಲು, ಕಾರಣವಿಲ್ಲದ ಬರಿದು, ಮುಗಿಯದ ಶೋಕ, ಇವಕ್ಕೆ ನಾನು ಸೈಕೋಡೈನಾಮಿಕ್ ಕಡೆಗೆ ಕೈ ತೋರಿಸುತ್ತೇನೆ.

ಮಾತ್ರೆ ಮತ್ತು ಮಾತು ಎದುರಾಳಿಗಳಲ್ಲ. 1979ರಲ್ಲಿ ಅಮೆರಿಕದ ವೈದ್ಯ ರಫಾಯೆಲ್ ಓಷೆರಾಫ್ ತೀವ್ರ ಖಿನ್ನತೆಯಿಂದ ಚೆಸ್ಟ್‌ನಟ್ ಲಾಡ್ಜ್ ಎಂಬ ಹೆಸರಾಂತ ಆಸ್ಪತ್ರೆಗೆ ಸೇರಿದರು. ಏಳು ತಿಂಗಳು ಬರೀ ಮಾತಿನ ಚಿಕಿತ್ಸೆ. ಅವರು ಕುಗ್ಗುತ್ತಲೇ ಹೋದರು. ಬೇರೆ ಆಸ್ಪತ್ರೆಗೆ ಸೇರಿಸಿ ಔಷಧ ಕೊಟ್ಟ ಮೇಲೆ ಮೂರೇ ತಿಂಗಳಲ್ಲಿ ಮನೆಗೆ ಹೋಗುವಂತಾದರು. ಅವರು ಹೂಡಿದ ಮೊಕದ್ದಮೆ ರಾಜಿಯಲ್ಲಿ ಮುಗಿದರೂ, ಆ ಕಾಲದ ಮನೋವೈದ್ಯಲೋಕವನ್ನೇ ಅಲ್ಲಾಡಿಸಿತು. ಔಷಧದ ಹೆಸರೆತ್ತಿದರೆ ಸಿಡುಕುವ ಥೆರಪಿಸ್ಟ್ ಸಿಕ್ಕರೆ ಎದ್ದು ಬನ್ನಿ.

ಹಣ, ಅರ್ಹತೆ, ಮೊದಲ ಭೇಟಿ

ಶುಲ್ಕ ಊರಿಂದೂರಿಗೆ ಬದಲಾಗುತ್ತದೆ. ಲೆಕ್ಕಕ್ಕಾಗಿ ಒಂದು ಅವಧಿಗೆ 1,500 ರೂಪಾಯಿ ಎಂದಿಟ್ಟುಕೊಳ್ಳಿ. 16 ಅವಧಿಗಳ ಸಿಬಿಟಿಗೆ ಒಟ್ಟು 24,000 ರೂಪಾಯಿ. ವಾರಕ್ಕೊಮ್ಮೆಯ ಸೈಕೋಡೈನಾಮಿಕ್ ಚಿಕಿತ್ಸೆಗೆ ತಿಂಗಳಿಗೆ 6,000, ಎರಡು ವರ್ಷಕ್ಕೆ 1,44,000. ವಾರಕ್ಕೆ ನಾಲ್ಕು ದಿನದ ಮನೋವಿಶ್ಲೇಷಣೆಗೆ ತಿಂಗಳಿಗೇ 24,000. ಸಿಬಿಟಿಯ ಒಟ್ಟು ವೆಚ್ಚ ಅಲ್ಲಿ ಒಂದು ತಿಂಗಳಿಗೆ ಮುಗಿಯುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಇರಬೇಕೆನ್ನುತ್ತದೆ. ಆದರೆ ನಿಮ್ಮ ಪಾಲಿಸಿಯಲ್ಲಿ ಹೊರರೋಗಿ ವೆಚ್ಚ ಸೇರಿಲ್ಲದಿದ್ದರೆ ವಾರದ ಭೇಟಿಗಳಿಗೆ ಅದು ನೆರವಾಗದು, ಮೊದಲೇ ವಿಚಾರಿಸಿ. ಹಣವೇ ದೊಡ್ಡ ತೊಡಕಾದವರಿಗೆ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯ ವಿಭಾಗಗಳಿವೆ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಕೆಲಸವೇ.

ಮನೋವೈದ್ಯರು ಎಂಬಿಬಿಎಸ್ ನಂತರ ಮನೋವೈದ್ಯಶಾಸ್ತ್ರ ಓದಿದವರು, ಔಷಧ ಬರೆಯಬಲ್ಲರು. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ. ಕೇಳುವುದಕ್ಕೆ ಸಂಕೋಚ ಬೇಡ. ಸೈಕೋಡೈನಾಮಿಕ್ ಎಂದು ಹೇಳಿಕೊಳ್ಳುವವರಲ್ಲಿ ಇನ್ನೂ ಮೂರನ್ನು ಕೇಳಿ: ಆ ತರಬೇತಿ ಎಲ್ಲಿ ಆಯಿತು, ನೀವು ಸ್ವತಃ ಚಿಕಿತ್ಸೆಯಲ್ಲಿ ಇದ್ದಿರಾ, ನಿಮ್ಮ ಕೆಲಸವನ್ನು ಹಿರಿಯರೊಬ್ಬರು ನೋಡುತ್ತಾರೆಯೇ. ಒಳ್ಳೆಯವರು ಇವಕ್ಕೆ ನೇರವಾಗಿ ಉತ್ತರಿಸುತ್ತಾರೆ. ನೀವು ಹೇಳಿದ್ದನ್ನು ಮನೆಯವರಿಗೆ ದಾಟಿಸುವವರು, ಜಾತಿ ಮದುವೆ ಲೈಂಗಿಕತೆಗಳ ಬಗ್ಗೆ ತೀರ್ಪು ಕೊಡುವವರು, ಹೊರಗೆ ಗೆಳೆತನ ಬೆಳೆಸಲು ನೋಡುವವರು, ಇಷ್ಟು ದಿನದಲ್ಲಿ ಗುಣಮಾಡುತ್ತೇನೆಂದು ಭಾಷೆ ಕೊಡುವವರು ಬೇಡ.

ಯಾವ ಚಿಕಿತ್ಸೆಗಾದರೂ ನಾಲ್ಕು ಭೇಟಿ ಕೊಟ್ಟು ನೋಡಿ. ನಾಲ್ಕನೆಯದರ ನಂತರ ನನಗೆ ಇಲ್ಲಿ ಸುಳ್ಳು ಹೇಳದೆ ಇರಲು ಸಾಧ್ಯವೇ ಎಂದು ಕೇಳಿಕೊಳ್ಳಿ. ಸಿಬಿಟಿಯಲ್ಲಿ ಆರೇಳು ವಾರಗಳಾದರೂ ಏನೂ ಕದಲದಿದ್ದರೆ ಬಾಯಿಬಿಟ್ಟು ಕೇಳಿ. ಸೈಕೋಡೈನಾಮಿಕ್ ಚಿಕಿತ್ಸೆಗೆ ಆರು ತಿಂಗಳು ಕೊಡಿ, ಆದರೆ ಆರು ತಿಂಗಳ ಕೊನೆಗೆ ಇಬ್ಬರೂ ಕುಳಿತು ಬಂದ ದಾರಿಯನ್ನು ನೋಡುವುದೆಂದು ಮೊದಲ ದಿನವೇ ಒಪ್ಪಂದ ಮಾಡಿಕೊಳ್ಳಿ. ಒಂದರಿಂದ ಇನ್ನೊಂದಕ್ಕೆ ಹೋಗುವುದು ತಪ್ಪೇನಲ್ಲ. ನನ್ನ ಬಸ್ಸಿನ ಭಯ ಹೋಗದೆ ಇದ್ದಿದ್ದರೆ ಎರಡನೆಯ ಥೆರಪಿಸ್ಟ್ ಕೋಣೆಗೆ ತಲುಪುವುದೇ ಆಗುತ್ತಿರಲಿಲ್ಲ.

ನಿಲ್ಲಿಸುವ ಯೋಚನೆ ಬಂದಾಗ ಫೋನಿನಲ್ಲಿ ಸಂದೇಶ ಕಳಿಸಿ ಮುಗಿಸಬೇಡಿ. ಡೋರಾ ತನ್ನ ತೀರ್ಮಾನವನ್ನು ಎರಡು ವಾರ ಮೊದಲೇ ಮಾಡಿದ್ದಳು, ಆದರೆ ಹೇಳಿದ್ದು ಕೊನೆಯ ದಿನ. ನನಗೂ ಏಳನೆಯ ತಿಂಗಳಲ್ಲಿ ಹಾಗೆಯೇ ಎದ್ದುಬರಬೇಕೆನಿಸಿತ್ತು, ಮೂರು ಕಚೇರಿಗಳಿಂದ ಎದ್ದುಬಂದಂತೆ. ಆ ವಾರ ಹೋಗಿ ಕುಳಿತು, ಇನ್ನು ಬರುವುದಿಲ್ಲ ಎಂದುಕೊಂಡಿದ್ದೇನೆ ಎಂದು ಹೇಳಿದೆ. ಏಕೆ ಎಂದು ಆಕೆ ಕೇಳಿದರು. ಆ ಪ್ರಶ್ನೆಗೆ ಉತ್ತರಿಸಲು ನನಗೆ ಮುಂದಿನ ಒಂದೂವರೆ ವರ್ಷ ಹಿಡಿಯಿತು.